ಮಾಫಿ

ಮಸ್ಕತ್ತಿನಿಂದ ಖಲೂಫಿಗೆ ಐನೂರು ಚಿಲ್ಲರೆ ಕಿಲೋಮೀಟರು.
ಗುರುವಾರ ಸಂಜೆ ಲ್ಯಾಬಿನ ಕದವಿಕ್ಕಿ
ಉಗುರಿನ ಸಂದಿಯ ಪ್ಲಾಸ್ಟರು ತೊಳೆಯದೆಯೇ ಹೊರಟೆ.
ನನ್ನದು ಹಲ್ಲು ಮಾಡುವ ಕೆಲಸ,
ಕಾಣದವರ ಬಾಯಿಗೆ ಹೊಂದುವ ತನಕ ಉಜ್ಜುತ್ತ ಕೂರುವುದು.
ಇದಿನಬ್ಬರ ಹಳೆಯ ಪ್ರಾಡೊ, ಸೀಟಿನಡಿ ಒಣಮೀನಿನ ನೆನಪು,
ಹಿಂದೆ ನನ್ನ ಮೂರುಕಾಲಿನ ಸ್ಟ್ಯಾಂಡು. ಅದರಲ್ಲೊಂದು ಕಾಲು
ಹೋದ ವರ್ಷ ಜೆಬೆಲ್ ಶಮ್ಸಿನಲ್ಲಿ ಮುರಿದು
ಕರೆಂಟಿನ ಟೇಪಿನ ಭರವಸೆಯ ಮೇಲೆ ನಿಂತಿದೆ.

ಅಲ್ಲಿ ಮರಳು ಬಿಳಿಯಂತೆ, ಸಕ್ಕರೆಯಷ್ಟು ಬಿಳಿಯಂತೆ,
ದಿಬ್ಬ ನೇರ ಕಡಲಿಗೇ ಕಾಲು ಚಾಚುತ್ತದಂತೆ.
ಒಂದು ಗೆರೆ ಸಾಕಿತ್ತು ನನಗೆ.
ಆರೂ ಹದಿನೈದಕ್ಕೆ, ಆಚೆ ನೆರಳು, ಈಚೆ ಬೆಳಕು,
ನಡುವೆ ಕೂದಲೆಳೆ.
ಮೂರು ತಿಂಗಳು ಮನಸ್ಸಿನಲ್ಲಿ ತೆಗೆದೂ ತೆಗೆದೂ
ಚಿತ್ರ ಆಗಲೇ ಸವೆದಿತ್ತು.

ಬೆಳಗಾಯಿತೆಂದು ಇದಿನಬ್ಬರ ಫೋನಿನ ಬಾಂಗು ಹೇಳಿತು,
ಆಕಾಶ ಹೇಳಲಿಲ್ಲ.
ಕಡಲಿಂದೆದ್ದ ಮಂಜು ಹಿಟ್ಟಿನ ಕೈಯಲ್ಲಿ
ದಿಬ್ಬದ ಮುಖ ಸವರಿಬಿಟ್ಟಿತ್ತು.
ಲೆನ್ಸು ಬೆವರಿತು. ಒರೆಸಿದೆ. ಬೆವರಿತು.
ಅಂಗಿಯ ತುದಿ ಒದ್ದೆ, ಕರವಸ್ತ್ರ ಒದ್ದೆ,
ಕೊನೆಗೆ ಇದಿನಬ್ಬರ ಹೆಗಲ ಬೈರಾಸೂ ಒದ್ದೆ.
ಎಂಟರ ಸುಮಾರಿಗೆ ಅಷ್ಟಿಷ್ಟು ಸರಿದಾಗ ಕಂಡದ್ದು:
ನನ್ನ ಗೆರೆಯ ಮೇಲೆ ಅಡ್ಡಾದಿಡ್ಡಿ
ರಾತ್ರಿ ಯಾರೋ ಹುಡುಗರು ಗಾಡಿ ಕುಣಿಸಿ ಹೋದ
ಟೈರಿನ ಗುರುತು. ಅರೆಬೆಂದ ಇದ್ದಿಲು. ಒಂದು ಲಬನ್ ಬಾಟಲಿ.

ಬೈಯಲು ಬಾಯಿ ತೆರೆದೆ. ಯಾರನ್ನು?
ರಾಸ್ ಅಲ್ ಹದ್ದಿನಲ್ಲಿ ಧೂಳು ಬಂದಿತ್ತು.
ನಿಜ್ವಾದಲ್ಲಿ ಮೋಡ ಬರುತ್ತದೆಂದು ಹೋದರೆ ಬಾನು
ತೊಳೆದು ಕವುಚಿಟ್ಟ ಬಟ್ಟಲು.
ಸೂರಿನಲ್ಲಿ ಎಲ್ಲವೂ ಇತ್ತು, ಬೆಳಕು, ಅಲೆ, ಒಂದು ಹಾಯಿದೋಣಿ ಕೂಡ,
ಬ್ಯಾಟರಿ ಮಾತ್ರ ರೂವಿಯ ಕೋಣೆಯಲ್ಲಿ ಚಾರ್ಜಾಗುತ್ತಿತ್ತು.

ಉಪ್ಪುನೆಲದಲ್ಲಿ ಹೂತ ಚಕ್ರ ಎಳೆಯಲು ಬಂದವನು ಖಮೀಸ್,
ಪಿಕಪ್ಪಿನ ಹಿಂದೆ ದೋಣಿ ಕಟ್ಟಿಕೊಂಡೇ ಬಂದ.
ಹಗ್ಗ ಬಿಗಿದ, ಎಳೆದ, ಹಗ್ಗ ಸುತ್ತಿಟ್ಟ.
ಆಮೇಲೆ ಕ್ಯಾಮೆರಾ ತೋರಿಸಿ ಹುಬ್ಬೇರಿಸಿದ: ಸೂರಾ?
ಮಾಫಿ, ಅಂದೆ.
ಅವನು ತನ್ನ ಮೀನಿನ ಪೆಟ್ಟಿಗೆ ಬೋರಲು ಹಾಕಿದ.
ನಾಲ್ಕು ಹನಿ ನೀರು, ಒಂದು ಚಿಪ್ಪು.
ಸಮಕ್ ಮಾಫಿ, ಅಂದ. ನಕ್ಕ. ಮೇಲಿನ ಎರಡು ಹಲ್ಲಿರಲಿಲ್ಲ,
ಅಳತೆ ತೆಗೆಯಬೇಕೆಂದು ನನ್ನ ಬೆರಳು ತಿನಿಸಿದವು.

ಹನ್ನೊಂದು ವರ್ಷದಿಂದ ಕೇಳಿದ್ದೇನೆ ಈ ಮಾತು:
ರಜೆ ಮಾಫಿ, ನೀರು ಮಾಫಿ, ಲಿಫ್ಟು ಮಾಫಿ, ಈ ತಿಂಗಳು ಸಂಬಳ ಮಾಫಿ.
ಇಲ್ಲ ಎನ್ನುವುದಕ್ಕೆ ಇಲ್ಲಿಯ ಪದ ಅದು.
ಐದನೇ ಕ್ಲಾಸಿನಲ್ಲಿ ಹೆಡ್‌ಮಾಸ್ಟರು ನೇರಳೆ ಶಾಯಿಯಲ್ಲಿ
ನನ್ನ ಹೆಸರಿನೆದುರು ಬರೆದದ್ದೂ ಅದನ್ನೇ:
ಫೀಸು ಮಾಫಿ.
ಈವರೆಗೆ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟಿದ್ದೆ.
ಇವತ್ತು ಮೇಲಿನ ಸಾಲು ಇಳಿದು ಕೆಳಗಿನ ಸಾಲಿಗೆ ಕೂತಿತು,
ಉಜ್ಜುವ ಕೆಲಸವೇ ಇರಲಿಲ್ಲ.

ಖಮೀಸ್ ಖರ್ಜೂರ ಕೊಟ್ಟ. ಇದಿನಬ್ಬರು ಫ್ಲಾಸ್ಕು ಬಗ್ಗಿಸಿದರು.
ಟೈರಿನ ಗುರುತಿನ ಮೇಲೆಯೇ ಕೂತು ಚಾ ಕುಡಿದೆವು,
ಕೂರಲು ಅದು ಚೆನ್ನಾಗಿತ್ತು, ಕುರ್ಚಿಯ ಹಾಗೆ ತಗ್ಗು.
ಏಡಿಯೊಂದು ನನ್ನ ಬೂಟನ್ನು ಪೂರ್ತಿ ಪರಿಶೀಲಿಸಿ
ಬೇಡವೆಂದು ಹೊರಟುಹೋಯಿತು.

ಮಹೂತಿನ ಪೆಟ್ರೋಲು ಪಂಪು ದಾಟಿದ ಮೇಲೆ
ಹಿಂದಿನ ಕನ್ನಡಿಯಲ್ಲಿ ಬೆಳಕು ಬಿತ್ತು.
ಬಿದ್ದದ್ದೆಂದರೆ, ಹಾಗೆ.
ಇದಿನಬ್ಬರು ಕೇಳದೆಯೇ ಗೇರು ಇಳಿಸಿದರು.
ಹೋಗಲಿ, ಅಂದೆ.
ಗಾಡಿಗೆ ಹೇಳಿದೆನೋ ಬೆಳಕಿಗೋ
ಅವರು ವಿಚಾರಿಸಲಿಲ್ಲ.
ಸಿನಾವ್ ಬರುವವರೆಗೂ ಹಿಂದೆ ಟೇಪು ಸುತ್ತಿದ ಕಾಲು
ಟಕಟಕ ಅನ್ನುತ್ತಲೇ ಇತ್ತು.