ಇದು ಯಾರು ಹಾಕಿದ್ದು?

ಶಟರ್ ಅರ್ಧ ಎದ್ದಿರುವಾಗಲೇ
ಬಗ್ಗಿ ಒಳಬರುವ ಮೊದಲ ಪ್ರಶ್ನೆ:
'ಸರ್ವರ್ ಉಂಟಾ ಮೇಡಂ?'
ಉಂಟು. ಇನ್ನೂ ಎಚ್ಚರ ಆಗಲಿಲ್ಲ, ಅಷ್ಟೆ.

ಬಂದರು ಶಾಖೆ, ಕೌಂಟರ್ ನಂಬರ್ ಎರಡು.
ದಾರ ಕಟ್ಟಿದ ಪೆನ್ನಿನ ಈಚೆಗೆ ನಾನು, ಹತ್ತೊಂಬತ್ತು ವರ್ಷದಿಂದ.
ದಕ್ಕೆಯಿಂದ ಬರುವ ನೋಟುಗಳಿಗೆ ಬಂಗುಡೆಯ ವಾಸನೆ,
ಮೆಣಸಿನ ಮಂಡಿಯವು ಎಣಿಸುವಾಗ ಸೀನು ತರಿಸುತ್ತವೆ;
ಕಣ್ಣು ಮುಚ್ಚಿ ಹೇಳಬಲ್ಲೆ ಯಾವ ಕಟ್ಟು ಯಾವ ಓಣಿಯದ್ದೆಂದು.
ಎಣಿಸುವ ಮೆಷಿನ್ನಿಗೆ ಎಲ್ಲ ಒಂದೇ.

'ಹದಿನೇಳು ರೂಪಾಯಿ ಎಪ್ಪತ್ತು ಪೈಸೆ ಎಲ್ಲಿಗೆ ಹೋಯಿತು?'
ಮೆಸೇಜಿನದ್ದು.
'ಯಾವ ಮೆಸೇಜು?'
ಹಣ ಹೋಯಿತು ಅಂತ ಬರ್ತದಲ್ಲ, ಅದು.
ಹೊಯಿಗೆಬಜಾರಿನ ವಾರಿಜಕ್ಕ ಬುಟ್ಟಿಯನ್ನು ಸೊಂಟಕ್ಕೇರಿಸಿ
ತಕ್ಕಡಿಯ ಮುಳ್ಳು ನೋಡುವ ಹಾಗೆ ನನ್ನನ್ನು ನೋಡಿದರು:
'ಹೋದದ್ದನ್ನು ಹೇಳಲಿಕ್ಕೂ ದುಡ್ಡಾ?'

'ಫೋನಿನಲ್ಲಿ ಬ್ಯಾಂಕಿನವರೇ ನಂಬರ್ ಕೇಳಿದ್ರು, ಹೇಳ್ಬಹುದಾ?'
ಹೇಳಬೇಡಿ.
'ನೀವು ಕೇಳಿದ್ರೆ?'
ನನಗೂ ಹೇಳಬೇಡಿ.
'ಹಾಗಾದ್ರೆ ನೀವು ಇಲ್ಲಿ ಕೂತದ್ದು ಎಂತಕ್ಕೆ ಮಾರಾಯ್ರೆ?'

ಗ್ರೆಗರಿ ತಾವ್ರೊ ಮಾಸ್ತರರ ಸಹಿ ತಾಳೆಯಾಗುವುದಿಲ್ಲ.
ಎಂಬತ್ತೊಂದನೇ ಇಸವಿಯ ಕಾರ್ಡಿನಲ್ಲಿ ಅದು
ಗಾಳಿ ತುಂಬಿದ ಹಾಯಿ;
ಇವತ್ತಿನ ಚೆಕ್ಕಿನಲ್ಲಿ, ದಡಕ್ಕೆಳೆದ ಬಲೆ.
'ಅದೂ ನಾನೇ,' ಎಂದರು ಕಾರ್ಡಿನ ಮೇಲೆ ಬೆರಳಿಟ್ಟು, 'ಇದೂ.'
ಹೊಸ ಫಾರಂ ಕೊಟ್ಟೆ. ಮೂರು ಕಡೆ ಸಹಿ.
ಮೂರೂ ಬೇರೆ ಬೇರೆ.

ನಾಮಿನಿ ಅಂದರೆ ಎಂತ ಎಂದು ಕೇಳಿದಾಗ ಮಾತ್ರ
ಇಷ್ಟು ವರ್ಷವಾದರೂ ನಾಲಿಗೆ ತಡೆಯುತ್ತದೆ.
'ಒಂದು ವೇಳೆ' ಎಂದು ಶುರುಮಾಡಿ ಅಲ್ಲೇ ನಿಲ್ಲಿಸುತ್ತೇನೆ.
ಬೋಟಿಗೆ ಹೋಗುವ ಹುಡುಗರು ಉಳಿದದ್ದನ್ನು
ಅವರೇ ತಿಳಿದು ಬರೆಯುತ್ತಾರೆ.

ಇದೆಲ್ಲ ಅಭ್ಯಾಸವಾದ ಪ್ರಶ್ನೆಗಳು.
ಉತ್ತರ ಮುಗಿಯುವಷ್ಟರಲ್ಲಿ ಬೆರಳು ಮುಂದಿನ ಟೋಕನ್ ಒತ್ತಿರುತ್ತದೆ.

ಆದರೆ ಬೆಂಗ್ರೆಯ ನೆಬಿಸಮ್ಮ,
ಹೊಳೆ ದಾಟಿ ಮೂರು ತಿಂಗಳಿಗೊಮ್ಮೆ ಬರುವವರು,
ಪಾಸ್‌ಬುಕ್ಕಿನಲ್ಲಿ ಹೊಗೆಸೊಪ್ಪಿನ ಪುಡಿ.
ಒಂದು ಸಾಲಿನ ಮೇಲೆ ಉಗುರಿಟ್ಟರು: 'ಇದು ಯಾರು ಹಾಕಿದ್ದು?'

ಹನ್ನೊಂದು ರೂಪಾಯಿ. ಬಡ್ಡಿ.
'ನಾನು ಕೇಳಲಿಲ್ಲವಲ್ಲ.'
ಕೇಳದಿದ್ದರೂ ಬರ್ತದೆ.
'ನಮಗೆ ಅದು ಆಗುವುದಿಲ್ಲ ಮೇಡಂ. ವಾಪಸು ತೆಗೊಳ್ಳಿ.'

ಪರದೆಯಲ್ಲಿ ಹುಡುಕಿದೆ.
ಹಾಕಲಿಕ್ಕೆ ಉಂಟು, ತೆಗೆಯಲಿಕ್ಕೆ ಉಂಟು,
ಮುರಿಯಲಿಕ್ಕೆ, ತಡೆಯಲಿಕ್ಕೆ, ದಾಟಿಸಲಿಕ್ಕೆ ಉಂಟು;
ನನ್ನದಲ್ಲ ಎನ್ನಲಿಕ್ಕೆ ಒಂದು ಬಟನ್ ಇಲ್ಲ.
ಮ್ಯಾನೇಜರ್ ಮೊದಲು ನಕ್ಕರು. ಆಮೇಲೆ ಫ್ಯಾನ್ ನೋಡಿದರು.

'ಸಾವಿರ ಬೀಡಿ ಕಟ್ಟಿದ್ದು ನಾನು,' ನೆಬಿಸಮ್ಮ ಹೇಳಿದರು,
'ಎಲೆ ಎಷ್ಟು, ಸೊಪ್ಪು ಎಷ್ಟು, ನೂಲು ಎಷ್ಟು, ಲೆಕ್ಕ ಉಂಟು.
ಈ ಹನ್ನೊಂದನ್ನು ಕಟ್ಟಿದ್ದು ಯಾರು?'

ಅಂದಿನಿಂದ ಮೂರು ತಿಂಗಳಿಗೊಂದು ಚೀಟಿ:
ಅಕ್ಷರಗಳಲ್ಲಿ, ಹನ್ನೊಂದು ಮಾತ್ರ.
ಹಿಂದೆ ನಿಂತವರು ಗೊಣಗುತ್ತಾರೆ.
ಹತ್ತರ ನೋಟು, ಒಂದರ ನಾಣ್ಯ.
ಚೀಲಕ್ಕೆ ಹಾಕುವುದಿಲ್ಲ; ಕರವಸ್ತ್ರದ ಬೇರೆಯೇ ಗಂಟು.
ಒಮ್ಮೆ ಊಟದ ಬಿಡುವಿನಲ್ಲಿ ನೋಡಿದೆ,
ಫೆರಿ ಕಟ್ಟೆಯ ಪಕ್ಕದ ಶೌಚಾಲಯದ ಹುಡುಗನ ಕೈಗೆ ಕೊಟ್ಟು
'ಫಿನಾಯಿಲಿಗೆ' ಎಂದು ತಿರುಗಿ ನೋಡದೆ ದೋಣಿ ಹತ್ತಿದ್ದು.

ಈ ಸಲ ಹನ್ನೆರಡು.
'ಹೆಚ್ಚಾಗಿದೆ,' ಎಂದರು, ದೂರುವ ದನಿಯಲ್ಲಿ.

ಹತ್ತೊಂಬತ್ತು ವರ್ಷ
ಕಡಿಮೆಯಾಯಿತೆಂದು ಬಂದವರನ್ನಷ್ಟೇ ಕಂಡವಳು ನಾನು.
ಇದಕ್ಕೆ ಯಾವ ಫಾರಂ, ಯಾವ ಸುತ್ತೋಲೆ,
ಡ್ರಾಯರ್ ಎಳೆದು ಹುಡುಕುತ್ತಲೇ ಇದ್ದೇನೆ.
ನೆಬಿಸಮ್ಮ ಗೋಡೆಯ ಗಡಿಯಾರ ನೋಡುತ್ತಾರೆ:
'ಬೇಗ ಕೊಡಿ ಮೇಡಂ, ದೋಣಿ ಹೋಗ್ತದೆ.'