ಹಡಗಿನ ದರ

ಗಂಜಿನ್ಯಾಗ ಮೂವತ್ತು ವರ್ಷ ತೊಗರಿ ದರ ನೋಡಿದಾಕಿ
ಗುರುಬಾಯಿ, ಈಗ ಹಡಗಿನ ದರ ನೋಡ್ಲತ್ತಾಳ.

ಖಮರುದ್ದೀನನ ಟ್ರಾವೆಲ್ಸಿನ್ಯಾಗ ಫ್ಯಾನು ಕಿರುಗುಡತದ.
ಡಿಸೆಂಬರಿಗೆ ನಲವತ್ತೆಂಟು ಸಾವಿರ,
ಕಿಟಕಿ ಬೇಕಂದ್ರ ಮ್ಯಾಲ ಒಂಬತ್ತು.
ಜೂನಿನ್ಯಾಗ ಅರ್ಧಕ್ಕರ್ಧ,
"ಆದ್ರ ಬಾಯೀ, ಆಗ ಸಮುದ್ರ ನನ್ನ ಮಾತು ಕೇಳಂಗಿಲ್ಲ."

ಎಲ್ಲಾರೂ ಕೊಳ್ಳೋವಾಗ ಕೊಳ್ಳಬಾರದು,
ಅಕಿಗಿ ಗೊತ್ತಿರೋದು ಇಷ್ಟ.
ಮಕ್ಕಳು ಪರೀಕ್ಷಿಗೆ ಕುಂತ ವಾರ ಹುಡುಕಿದಳು,
ಅದರಾಗ ಬುಧವಾರ ಹುಡುಕಿದಳು,
ಟವೆಲ್ಲಿನ ಕೆಳಗ ಬೆರಳು ಹಿಡಿದಂಗ
ಸುಮ್ಮನ ಕುಂತು
ಇಪ್ಪತ್ತಾರಕ್ಕ ಇಳಿಸಿದಳು.

"ಕಿಟಕಿ ಇಲ್ಲದ ಕೋಣಿ ಅಲಾ?" ನಾ ಅಂದೆ.
"ಮಲಗಲಿಕ್ಕ ಕಿಟಕಿ ಯಾಕ?
ಡೆಕ್ಕಿನ ಮ್ಯಾಲ ನಿಂತು ನೋಡಿದ್ರ
ರೊಕ್ಕ ಕೇಳ್ತಾರೇನು?"

ಮನಿಗಿ ಬಂದು ಶಹಾಬಾದಿ ಫರಸಿಗಿ ನೀರು ಚೆಲ್ಲಿ
ಸೆರಗು ಹಾಸಿ ಅಡ್ಡಾದಳು.
ಕಲ್ಲು ಕಪ್ಪಾತು, ತಣ್ಣಗಾತು,
ಅದರಾಗಿನ ಗೀರು ಒಂದೊಂದೇ ಎದ್ದು ಕಂಡವು.
ಇದೂ ಒಂದು ಕಾಲಕ್ಕ ಕಡಲ ತಳ ಇತ್ತಂತ,
ಮೊಮ್ಮಗಳ ಭೂಗೋಳದ ಮಾಸ್ತರ ಹೇಳಿದ್ದು.

ಕಣ್ಣು ಮುಚ್ಚಿಯೇ ಕೇಳಿದಳು:
"ಇದಕ್ಕ ನಾವು ಎಷ್ಟು ಕೊಟ್ಟಿದ್ವಿ?"

ಚದರಕ್ಕ ಹದಿನೆಂಟು ರೂಪಾಯಿ.
ಅದೂ ಮಳಿಗಾಲದಾಗ,
ಗಿರಾಕಿ ಇಲ್ಲದಾಗ.

"ಹಾಂ," ಅಂದಳು,
ಮಗ್ಗಲಾಗಿ,
ಕಿವಿ ಕಲ್ಲಿಗಿಟ್ಟು.