ಷರಾ

ನೂರ ಇಪ್ಪತ್ತು ಕಾಂಡ್ಲಾ ಸಸಿ,
ನೂರ ಇಪ್ಪತ್ತು ತಗಡಿನ ಬಿಲ್ಲೆ.
ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ
ಕೆಮ್ಮಣ್ಣಿನ ಕುದ್ರುವಿನಲ್ಲಿ ನೀರು ಇಳಿದ ಎರಡು ಗಂಟೆ
ನನ್ನ ಕೋಲು, ನನ್ನ ನೋಟುಪುಸ್ತಕ,
ಮೊಣಕಾಲುದ್ದ ಕೆಸರು.
ಕೂಲಿ ನಾನೂರೈವತ್ತು.
ಒಂದು ಚಪ್ಪಲಿ ಕೆಸರಿಗೇ ಬಿಟ್ಟದ್ದು.

ಕಾಲಂ ನಾಲ್ಕು: ನಂಬ್ರ, ಎತ್ತರ, ಎಲೆ, ಷರಾ.
ಷರಾಕ್ಕೆ ಎರಡೇ ಮಾತು,
ಉಂಟು, ಇಲ್ಲ.
‘ಕತೆ ಬರೀಬೇಡಿ ಗುಲಾಬಿಯಕ್ಕ’ ಎಂದಿದ್ದಾರೆ ಕಾಲೇಜಿನ ಮೇಷ್ಟ್ರು,
ಹಿಂದೊಮ್ಮೆ ಹನ್ನೆರಡನೆಯದಕ್ಕೆ
ನಾನು ‘ಮುನಿಸು’ ಎಂದು ಬರೆದದ್ದಕ್ಕೆ.

ನಲವತ್ತೊಂದಕ್ಕೆ ಎಂತ ಬರೆಯಲಿ?
ಮಳೆಗಾಲದಲ್ಲಿ ಗೆಣ್ಣಿನಿಂದ ಗೆಣ್ಣಿಗೆ ನಾಲ್ಕು ಬೆರಳು,
ಸುಗ್ಗಿಗೆ ಎರಡು,
ಪಗ್ಗು ಬೇಶದಲ್ಲಿ ಗೆಣ್ಣ ಮೇಲೆ ಗೆಣ್ಣು
ಬಳೆಗಾರ ಒತ್ತಿ ತೊಡಿಸಿದ ಹಾಗೆ.
ಮೇಲಿನ ಕಟ್ಟದಲ್ಲಿ ಹಲಗೆ ಇಳಿಸಿದ ವಾರ
ಅದರ ಮೈಯಲ್ಲೇ ಬರೆದುಂಟು.
ಸಿಹಿನೀರು ಪೇಟೆಯ ನಲ್ಲಿಗೆ ಹೋಯಿತು,
ಸ್ವರ್ಣೆಯ ಬಾಯಿಗೆ ಕಡಲು ಕೊಟ್ಟದ್ದೇ ಗತಿ.
ಹೊಯ್ಗೆಯನ್ನು ದೋಣಿ ದೋಣಿ ತುಂಬಿ ಒಯ್ದ ಮೇಲೆ
ತಳವೂ ಆಳವಾಯಿತು.
ಉಪ್ಪು ಮೊದಲು ನೆಂಟರ ಹಾಗೆ ಹೊತ್ತು ನೋಡಿ ಬರುತ್ತಿತ್ತು,
ಈಗ ಚಾಪೆ ಹಾಸಿ ಮಲಗಿದೆ.

ಉಪ್ಪಟ್ಟಿ ಗಿಡಕ್ಕೆ ಅಷ್ಟು ಚಿಂತೆಯಿಲ್ಲ, ಎಲೆಯಲ್ಲಿ ಬೆವರಿಬಿಡುತ್ತದೆ;
ಸಣ್ಣವರಿದ್ದಾಗ ಮಾವಿನ ಮಿಡಿಯನ್ನು
ಆ ಎಲೆಗೆ ಒರೆಸಿ ತಿಂದವರು ನಾವು.
ಕಾಂಡ್ಲಾಕ್ಕೆ ಆ ಉಪಾಯ ಬಾರದು.
ಬೇರಿನ ಬಾಗಿಲಲ್ಲೇ ತಡೆಯಬೇಕು,
ತಡೆದೂ ಮೀರಿದ್ದನ್ನು ಒಂದು ಮುದಿ ಎಲೆಯ ತಲೆಗೆ ಹೊರಿಸಿ
ಹಳದಿ ಮಾಡಿ ಉದುರಿಸಬೇಕು.
ಹಾಗಲ್ಲ ಎನ್ನುತ್ತಾರೆ ಮೇಷ್ಟ್ರು. ಇರಬಹುದು.
ಹೋದ ಹುಣ್ಣಿಮೆಗೆ ಎಲೆ ಹದಿನಾಲ್ಕು,
ಇವತ್ತು ಎಂಟು.

ಮನೆಯ ದಾರಿಯಲ್ಲಿ ನಮ್ಮ ಮೂರು ಮುಡಿ ಗದ್ದೆ.
ಕೊಳಕೆ ಬೆಳೆ ಬಿಟ್ಟು ಹದಿನೈದು ವರ್ಷ,
ಸುಗ್ಗಿ ಬಿಟ್ಟು ಆರು.
ಹೋದ ವರ್ಷದ ಏಣಿಲು ನೆಟ್ಟಲ್ಲೇ ಕೆಂಪಾಗಿ ಕೂತಿತು,
ಹಾಲು ತುಂಬುವ ಮೊದಲೇ ಜೊಳ್ಳು.
ಅಲ್ಲಿ, ಕಟ್ಟಹುಣಿ ಒಡೆದ ಕಡೆ,
ಯಾರೂ ನೆಡದ, ಯಾರೂ ಬಿಲ್ಲೆ ಕಟ್ಟದ,
ಭರತಕ್ಕೆ ತೇಲಿ ಬಂದ ಒಂದು ಕಾಂಡ್ಲಾ ಕೋಡು
ಅತ್ತೆ ನೇಜಿ ನೆಡುತ್ತಿದ್ದ ಸಾಲಿನಲ್ಲೇ
ಬೇರಿಳಿಸಿ ನಿಂತುಬಿಟ್ಟಿದೆ.
ಗೆಣ್ಣು ಗೆಣ್ಣಿಗೂ ನಾಲ್ಕು ಬೆರಳು,
ಎಲೆ ಎಣ್ಣೆ ಹಚ್ಚಿದ ಹಾಗೆ.

ಕೀಳಲೆಂದೇ ಬಗ್ಗಿದೆ.
ಕೈ ತಾನಾಗಿ ಕೋಲು ಹಿಡಿಯಿತು.
ಎಪ್ಪತ್ತೆರಡು ಸೆಂಟಿಮೀಟರು.

ಇದಕ್ಕೆ ನಂಬ್ರವಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಮೇಷ್ಟ್ರಿಗೆ ಹೇಳಿದರೆ ಕುಣಿದಾರು,
ಅತ್ತೆಗೆ ಹೇಳಿದರೆ ಕತ್ತಿ ಹುಡುಕಿಯಾಳು,
ಹುಡುಕಿ, ಗದ್ದೆಯ ತನಕ ನಡೆದು,
ಹುಣಿಯ ಮೇಲೆ ಸುಮ್ಮನೆ ಕೂತಾಳು.
ಉಪ್ಪಿಗೆ ಹೆದರಿ ಅಲ್ಲಿ ಸಾಯುವುದೂ ಇದೇ,
ಉಪ್ಪಿನ ಬೆನ್ನು ಹತ್ತಿ ಇಲ್ಲಿ ಬರುವುದೂ ಇದೇ.
ಯಾವುದಕ್ಕೆ ಅಳಬೇಕು ಎಂದು
ಕೋಲಿನಲ್ಲಿ ಗೆರೆ ಕೊರೆದಿಲ್ಲ.

ನಲವತ್ತೊಂದರ ಷರಾ ಖಾಲಿ ಬಿಟ್ಟಿದ್ದೇನೆ.
ಪುಸ್ತಕದ ಕೊನೇ ಪುಟದಲ್ಲಿ,
ಮರುವಾಯಿ ಮಾರಿದ ಲೆಕ್ಕದ ಕೆಳಗೆ,
ಪೆನ್ಸಿಲಿನಲ್ಲಿ, ಬೇಕಾದರೆ ಅಳಿಸಬಹುದಾದ ಹಾಗೆ:
ಗದ್ದೆಯದ್ದು, ಒಂದು.
ಎಪ್ಪತ್ತೆರಡು.
ಉಂಟು.